ಹಡಗಲಿಗೆ ಒಂದು ಟಿಕೆಟ್

ಕಂಡಕ್ಟರ್ ತಲೆ ಎತ್ತುವುದಿಲ್ಲ. ಒಂದು ಕೈಯಲ್ಲಿ ಟಿಕೆಟ್ ಮಷೀನು, ಇನ್ನೊಂದು ಕೈ ಸೀಟಿನ ಹಿಡಿಕೆಯ ಮೇಲೆ, ಬೆನ್ನಿಗೆ ಯಾರದೋ ಚೀಲ ಒತ್ತುತ್ತಿದೆ. ‘ಎಲ್ಲಿಗ್ರೀ?’ ಉತ್ತರಕ್ಕೆ ಸಿಗುವ ಸಮಯ ಒಂದು ಉಸಿರಿನಷ್ಟು. ಇಂಜಿನ್ನಿನ ಸದ್ದು, ಹಿಂದಿನ ಸೀಟಿನ ಕೂಸಿನ ಅಳು, ಡ್ರೈವರ್ ಹಾಕಿದ ಹಾಡು, ಇಷ್ಟನ್ನೂ ದಾಟಿ ಒಂದು ಊರಿನ ಹೆಸರು ಬಾಯಿಂದ ಕಿವಿಗೆ ಮುಟ್ಟಬೇಕು. ಮುಟ್ಟದಿದ್ದರೆ ಮತ್ತೊಮ್ಮೆ ‘ಎಲ್ಲಿಗೆ?’ ಈ ಸಲ ಕಂಡಕ್ಟರ್ ತಲೆ ಎತ್ತುತ್ತಾರೆ. ಹಿಂದುಮುಂದಿನ ನಾಲ್ಕು ತಲೆಗಳೂ ತಿರುಗುತ್ತವೆ. ಶಕ್ತಿ ಯೋಜನೆಯಲ್ಲಿ ದುಡ್ಡು ಕೊಡಬೇಕಿಲ್ಲದ ಹೆಂಗಸರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ; ಶೂನ್ಯ ಟಿಕೆಟ್ಟಿಗೂ ಊರು ಹೇಳಲೇಬೇಕು.

ಇಂಥ ಒಂದು ಬಸ್ಸಿನಲ್ಲಿ ಐವತ್ತೈದರ ಒಬ್ಬ ರೈತನನ್ನು ಕೂರಿಸಿ ನೋಡೋಣ. ಇವರು ನಾನು ಕಟ್ಟಿಕೊಂಡ ಮನುಷ್ಯ, ಹಾಗಾಗಿ ಹೆಸರು ಬೇಡ, ಕಾಕಾ ಅಂದರೆ ಸಾಕು. ನಾಲಿಗೆಯ ಬಲ ಅಂಚಿನ ಹುಣ್ಣು ತಿಂಗಳುಗಟ್ಟಲೆ ಮಾಯಲಿಲ್ಲ. ಕೊನೆಗೆ ಚೂರು ತೆಗೆದು ಪರೀಕ್ಷಿಸಿದರು. ದೂರದ ದೊಡ್ಡಾಸ್ಪತ್ರೆಯಲ್ಲಿ ನಾಲಿಗೆಯ ಅರ್ಧದಷ್ಟು ಹೋಯಿತು. ಆಮೇಲೆ ಆರು ವಾರ ‘ಕರೆಂಟ್’ ಕೊಡಿಸಿಕೊಂಡರು. ರೇಡಿಯೇಷನ್ನಿಗೆ ಹಳ್ಳಿಗಳಲ್ಲಿ ಹಾಗೇ ಅನ್ನುತ್ತಾರೆ. ರೋಗ ಹೋಗಿದೆ. ಈಗ ಅವರು ಕಂಡಕ್ಟರಿಗೆ ‘ಹಡಗಲಿ’ ಅನ್ನಬೇಕು.

ಬಾಯಿ ಕ್ಯಾನ್ಸರಿನ ಆಪರೇಷನ್ ಆದವರ ಮಾತು ಎಷ್ಟು ಸ್ಪಷ್ಟವಾಗಿದೆ ಎಂದು ಅಳೆಯುವುದು ವಾಕ್ ಚಿಕಿತ್ಸೆಯ ಒಂದು ಶಾಖೆ. ಅದಕ್ಕೆ ಪದಪಟ್ಟಿಗಳಿವೆ, ಅಂಕಗಳಿವೆ, ಧ್ವನಿಯನ್ನು ಚಿತ್ರ ಮಾಡಿ ತೋರಿಸುವ ಕಂಪ್ಯೂಟರುಗಳಿವೆ. ಆದರೆ ಅವನ್ನೆಲ್ಲ ಓದುತ್ತ ಹೋದಂತೆ ನನಗೆ ಮತ್ತೆ ಮತ್ತೆ ನೆನಪಾದದ್ದು ಈ ಬಸ್ಸು. ಸ್ಪಷ್ಟತೆ ಎನ್ನುವುದು ಪೂರ್ತಿ ಬಾಯಿಯ ಸೊತ್ತಲ್ಲ. ಅರ್ಧ ಕೇಳುವವರ ಕಿವಿಯಲ್ಲಿದೆ. ಅಳೆಯುವಾಗ ಈ ಅರ್ಧವನ್ನು ಮರೆತರೆ ಲೆಕ್ಕ ತಪ್ಪುತ್ತದೆ.

ಐದು ಊರು, ಒಂದು ಬಾಯಿ

2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯಲ್ಲಿ ಆರು ತಾಲ್ಲೂಕು. ಹೊಸಪೇಟೆಯನ್ನು ಬದಿಗಿಟ್ಟರೆ ಉಳಿಯುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಹರಪನಹಳ್ಳಿಯ ಕಥೆಯಂತೂ ಬೇರೆಯೇ: 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ಈಗ ಇಲ್ಲಿದೆ. ಜಿಲ್ಲೆ ಬದಲಾದರೂ ಹೆಸರು ಬದಲಾಗಲಿಲ್ಲ, ಅದು ನಮ್ಮ ಪುಣ್ಯ. ಏಕೆಂದರೆ ಈ ಐದು ಹೆಸರುಗಳನ್ನು ಒಂದರ ಪಕ್ಕ ಒಂದಿಟ್ಟರೆ ಬಾಯಿಯ ಪರೀಕ್ಷೆಗೆ ಯಾರೋ ಹುಡುಕಿ ಜೋಡಿಸಿದ ಪದಗಳಂತಿವೆ.

‘ಕೊಟ್ಟೂರು’ ಹೇಳಿ ನೋಡಿ. ಮೊದಲು ನಾಲಿಗೆಯ ಬೆನ್ನು ಮೇಲೆದ್ದು ಹಿಂದಿನ ಅಂಗುಳಕ್ಕೆ ತಾಗಬೇಕು, ಅದು ಕಕಾರ. ಕೂಡಲೇ ತುದಿ ಮೇಲಕ್ಕೆ ಸುರುಳಿ ಸುತ್ತಿ ಅಂಗುಳವನ್ನು ಒತ್ತಿ, ಗಾಳಿಯನ್ನು ತಡೆದು, ಒಂದು ಗಳಿಗೆ ಹಿಡಿದಿಟ್ಟು ಬಿಡಬೇಕು. ಹಿಡಿದಿಡದಿದ್ದರೆ ಒತ್ತಕ್ಷರ ಹೋಗಿ ‘ಕೊಟೂರು’ ಆಗುತ್ತದೆ. ಸುರುಳಿ ಸುತ್ತಲಾಗದಿದ್ದರೆ ‘ಕೊತ್ತೂರು’. ಕೊನೆಯ ‘ರು’ಗೆ ತುದಿ ಒಮ್ಮೆ ಚಟಕ್ಕನೆ ತಾಗಿ ಹಿಂದೆ ಸರಿಯಬೇಕು. ‘ಕೂಡ್ಲಿಗಿ’ಯಲ್ಲಿ ಡಕಾರಕ್ಕೆ ಸುತ್ತಿದ ತುದಿ ಬಿಚ್ಚಿಕೊಳ್ಳುವ ಮೊದಲೇ ಲಕಾರಕ್ಕೆ ಮುಂದೆ ಬರಬೇಕು, ಆರೋಗ್ಯವಂತರೂ ಅವಸರದಲ್ಲಿ ಇಲ್ಲಿ ಎಡವುತ್ತಾರೆ. ‘ಹಗರಿಬೊಮ್ಮನಹಳ್ಳಿ’ಗೆ ಎಂಟು ಅಕ್ಷರ, ಅಂದರೆ ಉಸಿರಿನ ಪರೀಕ್ಷೆ. ಅದಕ್ಕೇ ಇರಬೇಕು, ಗಟ್ಟಿ ಬಾಯಿಯ ಕಂಡಕ್ಟರುಗಳೂ ‘ಎಚ್ಬಿ ಹಳ್ಳಿ, ಎಚ್ಬಿ ಹಳ್ಳಿ’ ಎಂದು ಕೂಗುವುದು. ‘ಹರಪನಹಳ್ಳಿ’ಯ ಪಕಾರಕ್ಕೆ ತುಟಿ ಸೋರದಂತೆ ಮುಚ್ಚಬೇಕು. ದವಡೆ ತೆಗೆಸಿಕೊಂಡು ಕೆಳತುಟಿ ಜೋತವರಿಗೆ ಆ ಒಂದಕ್ಷರವೇ ಕಷ್ಟ.

ಇನ್ನು ಹೂವಿನಹಡಗಲಿ, ಜನರ ಬಾಯಲ್ಲಿ ‘ಹಡಗಲಿ’. ಡ, ಗ, ಲಿ. ನಾಲಿಗೆಯ ತುದಿ ಸುತ್ತಬೇಕು, ಬೆನ್ನು ಏಳಬೇಕು, ಮತ್ತೆ ತುದಿ ಹಲ್ಲಿನ ಬುಡಕ್ಕೆ ಹೋಗಬೇಕು, ಒಂದರ ಬೆನ್ನಿಗೊಂದು. ವಾಕ್ ಚಿಕಿತ್ಸಕರು ‘ಪ-ತ-ಕ, ಪ-ತ-ಕ’ ಎಂದು ಆದಷ್ಟು ವೇಗವಾಗಿ ಹೇಳಿಸಿ, ಒಂದು ಸೆಕೆಂಡಿಗೆ ಎಷ್ಟು ಸಲ ಬಂತೆಂದು ಎಣಿಸುವುದುಂಟು. ತುಟಿ, ನಾಲಿಗೆಯ ಮುಂಭಾಗ, ಹಿಂಭಾಗ ಸರದಿ ತಪ್ಪದೆ ಓಡುತ್ತಿವೆಯೇ ಎಂದು ನೋಡುವ ಉಪಾಯ ಅದು. ನಮ್ಮ ಮಲ್ಲಿಗೆಯ ಊರು ಹೆಸರಿನಲ್ಲೇ ಆ ಓಟವನ್ನು ಇಟ್ಟುಕೊಂಡಿದೆ.

ಇದು ನನ್ನ ಆಟ, ಯಾವ ಆಸ್ಪತ್ರೆಯೂ ಒಪ್ಪಿದ ಪರೀಕ್ಷೆಯಲ್ಲ. ಆದರೆ ಆಟದ ಹಿಂದಿನ ನಿಯಮ ನಿಜ. ಶಾಲೆಯ ಗೋಡೆಯ ಮೇಲಿರುವ ವರ್ಣಮಾಲೆಯ ಪಟವೇ ಬಾಯಿಯ ನಕಾಶೆ. ಕವರ್ಗ ಗಂಟಲ ಕಡೆಯದು, ಪವರ್ಗ ತುಟಿಯದು, ನಡುವಿನ ಸಾಲುಗಳು ಒಳಗಿನಿಂದ ಹೊರಕ್ಕೆ ಬರುವ ದಾರಿ. ಯಾವ ಸಾಲು ಕೆಟ್ಟಿತು ಎಂದು ನೋಡಿದರೆ ಕತ್ತರಿ ಎಲ್ಲಿ ಆಡಿದೆ ಎಂದು ಬಹುಮಟ್ಟಿಗೆ ಹೇಳಬಹುದು. ನಾಲಿಗೆಯ ಮುಂಭಾಗ ಹೋದವರಿಗೆ ಟವರ್ಗ, ತವರ್ಗ, ರ, ಲ, ಳ, ಸ ತೊಡಕು. ಬುಡ ಹೋದವರಿಗೆ ಕ, ಗ ಸಿಗುವುದಿಲ್ಲ.

ಮೇಲ್ದವಡೆ ಮತ್ತು ಅಂಗುಳದ ಆಪರೇಷನ್ ಆದಾಗ ಆಗುವುದು ಇನ್ನೂ ವಿಚಿತ್ರ. ಬಾಯಿಗೂ ಮೂಗಿಗೂ ನಡುವಿನ ಚಾವಣಿಯಲ್ಲಿ ತೂತು ಬಿದ್ದು ಗಾಳಿಯೆಲ್ಲ ಮೂಗಿನಲ್ಲಿ ನುಗ್ಗುತ್ತದೆ. ಆಗ ಪ್ರತಿ ವರ್ಗದ ಮೂರನೆಯ ಅಕ್ಷರ ಐದನೆಯದರ ಕಡೆ ಜಾರುತ್ತದೆ: ಡ ಹೋಗಿ ಣ, ದ ಹೋಗಿ ನ, ಬ ಹೋಗಿ ಮ. ಮನೆಗೆ ಬಂದ ಬಾವನನ್ನು ಕರೆದರೆ ‘ಮಾವ’ ಎಂದು ಕೇಳಿಸುತ್ತದೆ. ಬೀಗರ ಮನೆಯಲ್ಲಿ ನಗೆಚಾಟಿಕೆ ಆಗಬಹುದಾದ ಈ ತಪ್ಪನ್ನು ಕಂಡುಹಿಡಿಯಲು ಬೇಕಾದ ಉಪಕರಣ ಒಂದು ಕೈಗನ್ನಡಿ. ಮೂಗಿನ ಕೆಳಗೆ ಹಿಡಿದು ‘ಬಾಬಾಬಾ’ ಎನ್ನಿಸಿದರೆ, ಮೂಗಿನಿಂದ ಗಾಳಿ ಬರುತ್ತಿದ್ದರೆ ಕನ್ನಡಿ ಮಬ್ಬಾಗುತ್ತದೆ.

ತೂತಿಗೆ ಹಲ್ಲಿನ ವೈದ್ಯರು ಮುಚ್ಚಳದಂಥ ಕೃತಕ ಅಂಗುಳ ಮಾಡಿಕೊಡುತ್ತಾರೆ. ಮನೋವಿಶ್ಲೇಷಣೆಯ ಸಿಗ್ಮಂಡ್ ಫ್ರಾಯ್ಡ್ ಇಂಥದ್ದೇ ಒಂದನ್ನು ಹದಿನಾರು ವರ್ಷ ಹಾಕಿಕೊಂಡಿದ್ದರು. ಚುಟ್ಟದ ದಾಸರಾಗಿದ್ದ ಅವರಿಗೆ 1923ರಲ್ಲಿ ಮೇಲ್ದವಡೆಯ ಕ್ಯಾನ್ಸರ್ ಪತ್ತೆಯಾಯಿತು. ವಿಯೆನ್ನಾದ ಹಾನ್ಸ್ ಪಿಖ್ಲರ್ ಆಪರೇಷನ್ ಮಾಡಿದರು. ಸಾಯುವಷ್ಟರಲ್ಲಿ ಮೂವತ್ತಕ್ಕೂ ಹೆಚ್ಚು ಸಲ ಕತ್ತರಿ ಬಿತ್ತು. ಬಾಯೊಳಗಿನ ಆ ಸಾಮಾನನ್ನು ಮನೆಯವರು ‘ರಾಕ್ಷಸ’ ಎನ್ನುತ್ತಿದ್ದರಂತೆ. 1938ರ ಡಿಸೆಂಬರಿನಲ್ಲಿ ಲಂಡನ್ನಿನ ಮನೆಯಲ್ಲಿ ಬಿಬಿಸಿಯವರು ಅವರ ಮಾತನ್ನು ಮುದ್ರಿಸಿಕೊಂಡರು. ಪ್ರತಿ ಪದವನ್ನೂ ಎಳೆದು ಹೊರಹಾಕುವ ಆ ದಣಿದ ದನಿ ಈಗಲೂ ಕೇಳಲು ಸಿಗುತ್ತದೆ. ಮಾತನಾಡಿಸಿಯೇ ರೋಗ ವಾಸಿಮಾಡುವ ದಾರಿ ಹಾಕಿದವರ ಬಾಯಿಗೆ ಬಂದ ಗತಿ ಅದು.

ಸಂಚಿ, ಪ್ಯಾಕೆಟ್ಟು, ಮೂರು ಬೆರಳು

ಪಶ್ಚಿಮದ ಪುಸ್ತಕಗಳಲ್ಲಿ ಬಾಯಿ ಕ್ಯಾನ್ಸರ್ ಎಂದರೆ ಹೆಚ್ಚಾಗಿ ನಾಲಿಗೆಯದು. ನಮ್ಮಲ್ಲಿ ಕೆನ್ನೆ ಮತ್ತು ಒಸಡಿನ ನಡುವಿನ ಸಂದಿಯದೇ ದೊಡ್ಡ ಪಾಲು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ, ಅಡಿಕೆ, ಸುಣ್ಣ, ತಂಬಾಕನ್ನು ಕೂಡಿಸಿ ನಾವು ಒತ್ತರಿಸಿ ಇಟ್ಟುಕೊಳ್ಳುವ ಜಾಗವೇ ಅದು. ಗ್ಲೋಬೋಕ್ಯಾನ್ ಎಂಬ ಜಾಗತಿಕ ಕ್ಯಾನ್ಸರ್ ಲೆಕ್ಕದ 2020ರ ಅಂದಾಜಿನಂತೆ ಆ ವರ್ಷ ಭಾರತದಲ್ಲಿ ತುಟಿ ಮತ್ತು ಬಾಯಿಯ ಹೊಸ ಕ್ಯಾನ್ಸರ್ ಪ್ರಕರಣಗಳು 1,35,929. ಕರ್ನಾಟಕದಲ್ಲಿ 2016–17ರ ವಯಸ್ಕರ ತಂಬಾಕು ಸಮೀಕ್ಷೆ ಕಂಡದ್ದು ನೂರಕ್ಕೆ 22.8 ಮಂದಿ ಒಂದಲ್ಲ ಒಂದು ಬಗೆಯ ತಂಬಾಕಿನವರು. ಅವರಲ್ಲಿ ಸೇದುವವರಿಗಿಂತ ಜಗಿಯುವವರೇ ಜಾಸ್ತಿ. ಅಡಿಕೆಯೊಂದೇ, ತಂಬಾಕು ಇಲ್ಲದೆಯೂ, ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು. ಎಲೆ ಅಡಿಕೆ ಇಲ್ಲದೆ ಮದುವೆಯ ಮಾತೇ ಎತ್ತದ ನಾಡಿನಲ್ಲಿ ಈ ವಾಕ್ಯವನ್ನು ಗಟ್ಟಿಯಾಗಿ ಓದಲು ಯಾರಿಗೂ ಮನಸ್ಸಿಲ್ಲ. ನನ್ನನ್ನೂ ಸೇರಿಸಿ.

2013ರ ಮೇ ಕೊನೆಯಲ್ಲಿ ರಾಜ್ಯ ಗುಟ್ಕಾ ನಿಷೇಧಿಸಿತು. ಒಂದು ಪ್ಯಾಕೆಟ್ಟಿನಲ್ಲಿದ್ದದ್ದು ಎರಡು ಪ್ಯಾಕೆಟ್ ಆಯಿತು, ಪಾನ್ ಮಸಾಲ ಬೇರೆ, ತಂಬಾಕು ಬೇರೆ. ಅಂಗಡಿಯ ಮುಂದೆ ನಿಂತು ಎರಡನ್ನೂ ಅಂಗೈಗೆ ಸುರಿದು ಕಲಸಿಕೊಳ್ಳುವ ಹುಡುಗರನ್ನು ಈ ಐದೂ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನೋಡಬಹುದು. ಅಜ್ಜಿಯ ಸೊಂಟದ ಸಂಚಿ ನಿಧಾನದ ದಾರಿ, ಇದು ಅವಸರದ್ದು. ದಿನಾ ಜಗಿದು ಜಗಿದು ಕೆನ್ನೆಯ ಒಳಚರ್ಮ ನಾರಿನಂತೆ ಬಿಗಿದು, ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ತಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಕೆಳಗಿನ ಹಲ್ಲುಗಳ ನಡುವೆ ತೂರಿಸಲು ಆಗದಿದ್ದರೆ ಡಾಕ್ಟರನ್ನು ಕಾಣಬೇಕು. ವೈದ್ಯರ ಅಳತೆಯಲ್ಲಿ 35 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ತೆರೆದರೆ ಅದು ಬಿಗಿತವೇ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ಆಪರೇಷನ್ನಿನ ಮುಂಚೆಯೇ ಬಾಯಿ ಬಿಗಿದಿದ್ದವರ ಮಾತು ಆಗಲೇ ಹಲ್ಲು ಕಚ್ಚಿ ಆಡಿದಂತೆ ಇರುತ್ತದೆ. ಆಮೇಲೆ ಅಳೆದು ‘ಆಪರೇಷನ್ನಿನಿಂದ ಮಾತು ಕೆಟ್ಟಿತು’ ಎಂದರೆ ಅರ್ಧ ಸುಳ್ಳು. ಹಾಗಾಗಿ ಬಲ್ಲವರು ಕತ್ತರಿ ಹಿಡಿಯುವ ಮುಂಚೆಯೇ ಒಮ್ಮೆ ಮಾತನ್ನು ಮುದ್ರಿಸಿಕೊಳ್ಳುತ್ತಾರೆ. ಆಮೇಲೆ ಗಾಯ ಮಾಯ್ದ ಮೇಲೆ, ಕರೆಂಟ್ ಮುಗಿದ ಮೇಲೆ, ಆರು ತಿಂಗಳಿಗೆ, ವರ್ಷಕ್ಕೆ, ಅದೇ ದೂರದಲ್ಲಿ ಮೈಕ್ ಇಟ್ಟು ಅದೇ ಪದಗಳನ್ನು ಹೇಳಿಸುತ್ತಾರೆ. ರೇಡಿಯೇಷನ್ನಿಗೆ ಜೊಲ್ಲಿನ ಗ್ರಂಥಿಗಳು ಒಣಗುತ್ತವೆ, ಮಾಂಸ ಮರಗಟ್ಟುತ್ತದೆ. ಮೊದಲ ತಿಂಗಳು ಚೆನ್ನಾಗಿದ್ದ ಮಾತು ಆಮೇಲೆ ಹಿಂದೆ ಬೀಳುವುದುಂಟು. ಒಂದೇ ಸಲ ಅಳೆದವರಿಗೆ ಈ ಏರಿಳಿತ ಕಾಣುವುದಿಲ್ಲ. ಬಿಗಿತಕ್ಕೆ ಮದ್ದು ಮಾತ್ರ ತೀರಾ ಸರಳ. ಐಸ್‌ಕ್ಯಾಂಡಿ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟು, ಆಗಾಗ ಒಂದೊಂದು ಕಡ್ಡಿ ಹೆಚ್ಚಿಸುತ್ತ ಹೋಗುವುದು. ಇವತ್ತು ಹನ್ನೊಂದು ಕಡ್ಡಿ, ಬರುವ ವಾರ ಹನ್ನೆರಡು. ಲೆಕ್ಕ ಇಡಲು ಓದು ಬರಹವೂ ಬೇಡ.

ತೇಪೆ ಮಾತಾಡುವುದಿಲ್ಲ

ಕ್ಯಾನ್ಸರಿನ ಗಂಟನ್ನು ತೆಗೆಯುವಾಗ ಅದರ ಸುತ್ತಲಿನ ಒಳ್ಳೆಯ ಮಾಂಸವನ್ನೂ ಒಂದಿಷ್ಟು ತೆಗೆಯಬೇಕು, ಇಲ್ಲದಿದ್ದರೆ ಬೇರು ಉಳಿಯುತ್ತದೆ. ಬಿದ್ದ ಗುಳಿಯನ್ನು ತುಂಬಲು ಮೈಯ ಬೇರೆ ಕಡೆಯಿಂದ ತೇಪೆ ತರುತ್ತಾರೆ. ಎದೆಯ ಸ್ನಾಯುವನ್ನು ಚರ್ಮದ ಸಮೇತ, ರಕ್ತನಾಳ ಕಡಿಯದೆ, ಕುತ್ತಿಗೆಯ ಒಳಗಿನಿಂದ ಬಾಯಿಗೆ ತಿರುಗಿಸುವ ವಿಧಾನವನ್ನು ಸ್ಟೀಫನ್ ಆರಿಯನ್ 1979ರಲ್ಲಿ ವಿವರಿಸಿದರು. ಹೆಚ್ಚು ಸಲಕರಣೆ ಬೇಡದ ಕೆಲಸವಾದ್ದರಿಂದ ನಮ್ಮ ಆಸ್ಪತ್ರೆಗಳಲ್ಲಿ ಇದು ಚೆನ್ನಾಗಿ ಬೇರೂರಿತು. ಗಂಡಸರ ಎದೆಯ ಚರ್ಮವಾದರೆ ಬಾಯೊಳಗೆ ಕೂದಲು ಬೆಳೆಯುವುದೂ ಉಂಟು, ಯಾರೂ ಮೊದಲೇ ಹೇಳಿರುವುದಿಲ್ಲ, ರೋಗಿ ಗಾಬರಿಯಾಗುತ್ತಾರೆ. ಮುಂಗೈಯ ತೆಳು ಚರ್ಮವನ್ನು ಬಿಡಿಸಿ ತಂದು, ಮೈಕ್ರೋಸ್ಕೋಪಿನ ಕೆಳಗೆ ರಕ್ತನಾಳ ಜೋಡಿಸುವ ವಿಧಾನ ಚೀನಾದಿಂದ ಬಂದದ್ದು, 1981ರಲ್ಲಿ. ಅದು ಹಗುರ, ಮಡಚುತ್ತದೆ, ಉಳಿದ ನಾಲಿಗೆಯ ಓಡಾಟಕ್ಕೆ ಅಡ್ಡ ಬರುವುದು ಕಡಿಮೆ.

ಆದರೆ ಯಾವ ತೇಪೆಯೂ ಮಾತಾಡುವುದಿಲ್ಲ. ಅದು ಗುಳಿ ತುಂಬುತ್ತದೆ, ಎತ್ತರ ಕೊಡುತ್ತದೆ, ಅಷ್ಟೆ. ಅಲುಗಬೇಕಾದದ್ದು ಉಳಿದ ನಾಲಿಗೆಯೇ. ಆದ್ದರಿಂದ ಎಷ್ಟು ಹೋಯಿತು ಎನ್ನುವುದಕ್ಕಿಂತ ಉಳಿದದ್ದು ಎಷ್ಟು ಸಡಿಲವಾಗಿದೆ ಎನ್ನುವುದೇ ಬಹಳ ಸಲ ಮುಖ್ಯವಾಗುತ್ತದೆ. ಕಡಿಮೆ ಕತ್ತರಿಸಿ, ಉಳಿದದ್ದನ್ನು ಬಾಯಿಯ ನೆಲಕ್ಕೆ ಹೊಲಿದು ಕಟ್ಟಿಹಾಕಿದರೆ ಮಾತು ಹೆಚ್ಚು ಕೆಡಬಹುದು. ನಾಲಿಗೆ ಮೇಲಕ್ಕೆ ಮುಟ್ಟಲಾರದವರಿಗೆ ಇನ್ನೊಂದು ಜಾಣ ಉಪಾಯವಿದೆ: ಹಲ್ಲಿನ ಸೆಟ್ಟಿನಂಥ ಒಂದು ಪಟ್ಟಿ ಕೂರಿಸಿ ಅಂಗುಳವನ್ನೇ ಕೆಳಗೆ ತರುವುದು. ನಾಲಿಗೆ ಬೆಟ್ಟ ಹತ್ತದಿದ್ದರೆ ಬೆಟ್ಟವೇ ಇಳಿದು ಬರಲಿ.

ನಮ್ಮ ಕಾಕಾಗೆ ಈಗ ಏನು ಬರುತ್ತದೆ? ಪ, ಬ, ಮ ಸಲೀಸು. ಕ, ಗ ಪರವಾಗಿಲ್ಲ. ತ ಬಂದರೂ ಟ ಜೊತೆ ಬೆರೆತುಹೋಗುತ್ತದೆ. ಕನ್ನಡಕ್ಕೆ ಇದು ದುಬಾರಿ. ದಂತ್ಯಕ್ಕೂ ಮೂರ್ಧನ್ಯಕ್ಕೂ ವ್ಯತ್ಯಾಸವಿಲ್ಲದ ಭಾಷೆಗಳಲ್ಲಿ ಈ ತೊಡಕು ಕಿವಿಗೆ ಕಿರಿಕಿರಿ ಮಾತ್ರ. ನಮ್ಮಲ್ಲಿ ಅರ್ಥವೇ ಕೈಬಿಡುತ್ತದೆ. ಹತ್ತಿ ಹಟ್ಟಿಯಾಗುತ್ತದೆ, ಮಣೆ ಮನೆಯಾಗುತ್ತದೆ, ಹುಳಿ ಹುಲಿಯಾಗುತ್ತದೆ, ಕಾಳು ಕಾಲಾಗುತ್ತದೆ, ಬೆಳೆ ಬೆಲೆಯಾಗುತ್ತದೆ. ಇಂಗ್ಲಿಷಿಗೆ ಮಾಡಿದ ಪದಪಟ್ಟಿಯನ್ನು ಅನುವಾದಿಸಿ ತಂದರೆ ಈ ಜೋಡಿಗಳು ಜಾಲರಿಯಲ್ಲಿ ಸೋರಿಹೋಗುತ್ತವೆ. ಕನ್ನಡದ ಬಾಯಿಗೆ ಕನ್ನಡದ್ದೇ ಜರಡಿ ಬೇಕು.

ಅದು ಆರಂಭವಾದದ್ದು ಮೈಸೂರಿನಲ್ಲಿ. 1965ರಲ್ಲಿ ಹುಟ್ಟಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಕೆಲಸಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಕಟ್ಟಡವಲ್ಲ, ಪದಪಟ್ಟಿಗಳು. ಬಾಬು, ರತ್ನ ಮತ್ತು ಬೆಟ್ಟಗೇರಿ 1972ರಲ್ಲಿ ಕನ್ನಡ ಉಚ್ಚಾರಣೆಯ ಪರೀಕ್ಷೆಯೊಂದನ್ನು ರೂಪಿಸಿದರು. ಕನ್ನಡದ ಪದಗಳು ಹೆಚ್ಚುಕಡಿಮೆ ಎಲ್ಲ ಸ್ವರದಲ್ಲೇ ಮುಗಿಯುವುದರಿಂದ ವ್ಯಂಜನಗಳನ್ನು ಪದದ ಮೊದಲಲ್ಲಿ ಮತ್ತು ನಡುವೆ ನೋಡಿದರೆ ಸಾಕು. ಇಂಗ್ಲಿಷಿನಂತೆ ಕೊನೆಯಲ್ಲೂ ಹುಡುಕಬೇಕಿಲ್ಲ. 2005ರಲ್ಲಿ ಯತಿರಾಜ್ ಮತ್ತು ವಿಜಯಲಕ್ಷ್ಮಿ ಕನ್ನಡದ ಧ್ವನಿಗಳು ಆಡುಮಾತಿನಲ್ಲಿ ಬರುವ ಪ್ರಮಾಣಕ್ಕೆ ತಕ್ಕಂತೆ ತೂಗಿದ ಪದಪಟ್ಟಿ ಮಾಡಿದರು. ಅದು ಕಿವಿಯ ಪರೀಕ್ಷೆಗೆ ಹುಟ್ಟಿದ್ದು. ಸದ್ದಿಲ್ಲದೆ ನಡೆದ ಭಾಷಾಸೇವೆ ಎಂದರೆ ಇದು. ರಾಜ್ಯೋತ್ಸವದ ಪಟ್ಟಿಯಲ್ಲಿ ಇಂಥವರ ಹೆಸರು ಕಡಿಮೆ.

ಉಳ್ಳಾಗಡ್ಡಿಗೆ ಎಷ್ಟು ಅಂಕ?

ಆದರೂ ಒಂದು ಗೊಂದಲ ಉಳಿಯುತ್ತದೆ. ಚಿತ್ರ ತೋರಿಸಿ ‘ಇದೇನು?’ ಎಂದು ಕೇಳುತ್ತಾರೆ ಅಂದುಕೊಳ್ಳಿ. ಹಾಳೆಯಲ್ಲಿ ಬರೆದಿರುವ ಉತ್ತರ ‘ಈರುಳ್ಳಿ’. ಕಾಕಾ ‘ಉಳ್ಳಾಗಡ್ಡಿ’ ಅನ್ನುತ್ತಾರೆ, ಅಂದರೆ ಳ್ಳ ಒಂದೇ ಬೇಕಿದ್ದ ಕಡೆ ಳ್ಳ, ಡ್ಡ ಎರಡನ್ನೂ ಮೈಮೇಲೆ ಎಳೆದುಕೊಳ್ಳುತ್ತಾರೆ. ಕಡಲೆಕಾಯಿಗೆ ‘ಶೇಂಗಾ’. ತೆಂಗಿನಕಾಯಿ ತೋರಿಸಿದರೆ ‘ಟೆಂಗಿನಕಾಯಿ’. ಪರೀಕ್ಷಕರು ದಕ್ಷಿಣದವರಾಗಿದ್ದರೆ ‘ತ ಹೋಗಿ ಟ ಆಗಿದೆ’ ಎಂದು ಕೆಂಪು ಗುರುತು ಹಾಕಿಬಿಡಬಹುದು. ಆ ಟಕಾರ ನಾಲಿಗೆ ಕತ್ತರಿಸಿದ್ದರಿಂದ ಬಂದದ್ದಲ್ಲ, ತಾಯಿಯ ಹಾಲಿನಿಂದ ಬಂದದ್ದು. ‘ಶಂಕರ’ನನ್ನು ‘ಸಂಕ್ರ’ ಅನ್ನುವವರು, ಮಹಾಪ್ರಾಣವನ್ನು ಹುಟ್ಟಿನಿಂದಲೇ ಬಿಟ್ಟವರು, ಇವರನ್ನೆಲ್ಲ ರೋಗಿಗಳ ಲೆಕ್ಕಕ್ಕೆ ಹಾಕಿದರೆ ಅರ್ಧ ಕರ್ನಾಟಕ ವಾರ್ಡಿನಲ್ಲಿರಬೇಕು. ಕೊಟ್ಟೂರಿನಲ್ಲಿ ಹುಟ್ಟಿದ ಕುಂ. ವೀರಭದ್ರಪ್ಪನವರ ಕಥೆಗಳನ್ನು ಓದಿದವರಿಗೆ ಈ ಸೀಮೆಯ ಮಾತಿನ ಗತ್ತು ಹೊಸದಲ್ಲ. ಅದೇ ಮಾತನ್ನು ಆಸ್ಪತ್ರೆಯ ಹಾಳೆ ತಪ್ಪು ಎಂದು ಎಣಿಸಬಾರದು.

ಇಲ್ಲೊಂದು ಅಡ್ಡಮಾತು. ಹಳ್ಳಿ ಒಂದು ಕಾಲಕ್ಕೆ ಪಳ್ಳಿಯಾಗಿತ್ತು, ಹೂವು ಪೂ ಆಗಿತ್ತು, ಹಾಲು ಪಾಲಾಗಿತ್ತು. ಇಡೀ ಕನ್ನಡವೇ ತುಟಿ ಸಡಿಲಿಸಿ ಪಕಾರವನ್ನು ಹಕಾರ ಮಾಡಿಕೊಂಡಿತು. ವ್ಯಾಕರಣಕಾರ ಕೇಶಿರಾಜ ಲೆಕ್ಕವಿಟ್ಟ ೞ, ಱ ಆಮೇಲಿನ ಬಾಯಿಗಳಲ್ಲಿ ಕರಗಿಯೇ ಹೋದವು. ಎಲ್ಲರೂ ಒಟ್ಟಿಗೆ ತಪ್ಪಿದರೆ ಅದು ಭಾಷೆಯ ಬೆಳವಣಿಗೆ, ಒಬ್ಬರೇ ತಪ್ಪಿದರೆ ರೋಗ!

ಹರಪನಹಳ್ಳಿ, ಕೂಡ್ಲಿಗಿ ಕಡೆಯ ತಾಂಡಾಗಳಿಗೆ ಬಂದರೆ ಪ್ರಶ್ನೆ ಇನ್ನೂ ಗಟ್ಟಿಯಾಗುತ್ತದೆ. ಮನೆಯಲ್ಲಿ ಲಂಬಾಣಿ, ಸಂತೆಯಲ್ಲಿ ಕನ್ನಡ ಆಡುವ ಹೆಣ್ಣುಮಗಳಿಗೆ ಕನ್ನಡದ ಪಟ್ಟಿ ಕೊಟ್ಟರೆ ಅಳೆಯುವುದು ಅವಳ ಎರಡನೆಯ ಭಾಷೆಯನ್ನು. ಓದಲು ಬಾರದವರಿಗೆ ಪ್ಯಾರಾ ಓದಿಸುವ ಪರೀಕ್ಷೆ ನಡೆಯುವುದೇ ಇಲ್ಲ. ಚಿತ್ರ ತೋರಿಸಬೇಕು, ಇಲ್ಲವೇ ಕೇಳಿಸಿ ಹೇಳಿಸಬೇಕು, ಇಲ್ಲವೇ ಸುಮ್ಮನೆ ‘ಈ ಸಲ ಮಳೆ ಹೆಂಗಾತು?’ ಎಂದು ಕೇಳಿ ಕೂರಬೇಕು. ಕೊನೆಯದು ಬಹಳ ಒಳ್ಳೆಯದು, ಅಂಕ ಹಾಕಲು ಮಾತ್ರ ಬಲು ಕಷ್ಟ.

ಇನ್ನು ಅಂಕ ಹಾಕುವವರು ಯಾರು? ವಾಕ್ ಚಿಕಿತ್ಸಕರ ಕಿವಿ ಪಳಗಿದ ಕಿವಿ. ಪಟ್ಟಿ ಬಾಯಿಪಾಠವಾಗಿರುತ್ತದೆ, ಮುಂದಿನ ಪದ ಯಾವುದೆಂದು ಗೊತ್ತಿರುತ್ತದೆ, ಹಾಗಾಗಿ ಕೇಳಿಸದಿದ್ದರೂ ಕೇಳಿಸುತ್ತದೆ. ಹೆಂಡತಿಯ ಕಿವಿ ಇನ್ನೂ ಪಳಗಿದ್ದು. ‘ಅವರು ಹೇಳೋದು ನಂಗೆ ಎಲ್ಲಾ ತಿಳಿತೈತ್ರಿ’ ಎಂದು ಆಕೆ ಹೇಳಿದರೆ ಅದು ನಿಜವೇ, ಆದರೆ ಅದು ಅವರ ಬಾಯಿಯ ಅಳತೆಯಲ್ಲ, ಮೂವತ್ತು ವರ್ಷದ ಸಂಸಾರದ ಅಳತೆ. ಆದ್ದರಿಂದಲೇ ಶಿಸ್ತಿನ ಅಧ್ಯಯನಗಳಲ್ಲಿ ರೋಗಿಯನ್ನು ಎಂದೂ ನೋಡದ, ರೋಗದ ಬಗ್ಗೆ ಏನೂ ಅರಿಯದ ನಾಲ್ಕಾರು ಜನರನ್ನು ಕೂರಿಸಿ, ಮುದ್ರಿಕೆ ಕೇಳಿಸಿ, ಕೇಳಿದ್ದನ್ನು ಬರೆಯಿರಿ ಅನ್ನುತ್ತಾರೆ. ನೂರು ಪದಗಳಲ್ಲಿ ಎಷ್ಟು ಸರಿ ಬರೆದರು ಎನ್ನುವುದೇ ಸ್ಪಷ್ಟತೆಯ ಅಂಕ. ವಾಕ್ಯಗಳನ್ನು ಕೊಡುವಾಗಲೂ ಹುಷಾರು ಬೇಕು. ‘ಊಟ ಆತೇನ್ರೀ’ ಎಂಬುದನ್ನು ಬಾಯಿ ಮುಚ್ಚಿಕೊಂಡು ಗುನುಗಿದರೂ ಕನ್ನಡದವರು ಹಿಡಿಯುತ್ತಾರೆ.

ಇವೆಲ್ಲಕ್ಕಿಂತ ಸರಳವಾದದ್ದು 1990ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಐದು ಮೆಟ್ಟಿಲಿನ ಒಂದು ಅಳತೆ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನವರಿಗೆಂದೇ ಮಾಡಿದ್ದು. ಯಾವಾಗಲೂ ಅರ್ಥವಾಗುತ್ತದೆ ಎಂದರೆ 100. ಬಹುಪಾಲು ಅರ್ಥವಾಗುತ್ತದೆ, ಆಗೀಗ ಇನ್ನೊಮ್ಮೆ ಹೇಳಬೇಕು ಎಂದರೆ 75. ಮುಖ ನೋಡಿಕೊಂಡರೆ ಅರ್ಥವಾಗುತ್ತದೆ ಎಂದರೆ 50. ಮುಖ ನೋಡಿದರೂ ಕಷ್ಟ ಎಂದರೆ 25. ಬರೆದೇ ತೋರಿಸಬೇಕು ಎಂದರೆ ಸೊನ್ನೆ. ಈ ಮೆಟ್ಟಿಲುಗಳನ್ನು ಕಂಡ ಕ್ಷಣ ನನಗೆ ಕಂಡಕ್ಟರ್ ನೆನಪಾದರು. ತಲೆ ಎತ್ತದೆ ಟಿಕೆಟ್ ಹರಿದರೆ 75ರ ಮೇಲೆ. ತಲೆ ಎತ್ತಿ ಮುಖ ನೋಡಿದರೆ 50. ಅದೇ ಅಳತೆಯಲ್ಲಿ ಇನ್ನೆರಡು ಪ್ರಶ್ನೆಗಳಿವೆ, ಏನು ತಿನ್ನುತ್ತೀರಿ, ನಾಲ್ಕು ಜನರ ನಡುವೆ ಕೂತು ತಿನ್ನುತ್ತೀರಾ ಎಂದು. ಮದುವೆ ಮನೆಯ ಪಂಕ್ತಿಯಲ್ಲಿ ಕೂರದೆ ಗೋಡೆಯ ಮರೆಯಲ್ಲಿ ನಿಂತವರನ್ನು ಕಂಡವರಿಗೆ ಆ ಪ್ರಶ್ನೆಯ ತೂಕ ಗೊತ್ತು.

ಅರ್ಥವಾಗುವುದು ಬೇರೆ, ಕೇಳಲು ಹಿತವಾಗಿರುವುದು ಬೇರೆ. ಪದವೆಲ್ಲ ತಿಳಿದರೂ ಜೊಲ್ಲಿನ ಸದ್ದು, ಮೂಗಿನ ದನಿ, ಎಳೆದ ಲಯ ಕೇಳುವವರನ್ನು ಅರೆಗಳಿಗೆ ಹಿಂಜರಿಸುತ್ತದೆ. ಆ ಹಿಂಜರಿಕೆಯನ್ನು ರೋಗಿ ಓದಿಕೊಳ್ಳುತ್ತಾರೆ, ಮರುದಿನದಿಂದ ಚಹಾದಂಗಡಿಗೆ ಹೋಗುವುದಿಲ್ಲ. ಹೀಗೆ ಅಂಕ 75 ಬಂದು ಮಾತು ನಿಂತುಹೋದವರೂ ಇರಬಹುದು, 50ರಲ್ಲಿ ಊರೆಲ್ಲ ಮಾತಾಡಿಸಿಕೊಂಡು ಬರುವವರೂ ಇರಬಹುದು. ಅದಕ್ಕೆ ರೋಗಿಯನ್ನೇ ಕೇಳಿ ತುಂಬಿಸುವ ಪ್ರಶ್ನಾವಳಿಗಳು ಬಂದವು. ಅಂಕ ಏನೇ ಇರಲಿ, ಮಾತು ಬಿಡದವರೂ ಇದ್ದಾರೆ: ಪಕ್ಕದ ಮಹಾರಾಷ್ಟ್ರದ ಶರದ್ ಪವಾರ್ ಅವರಿಗೆ 2004ರಲ್ಲಿ ಬಾಯಿ ಕ್ಯಾನ್ಸರಿನ ಆಪರೇಷನ್ ಆಯಿತು. ಮಾತೇ ಬಂಡವಾಳವಾದ ರಾಜಕಾರಣಿ ಅವರು. ದನಿ ಬದಲಾಯಿತು, ಉಚ್ಚಾರಣೆ ತೊದಲಿತು, ಭಾಷಣ ನಿಲ್ಲಲಿಲ್ಲ. 2019ರ ಅಕ್ಟೋಬರಿನಲ್ಲಿ ಸಾತಾರಾದಲ್ಲಿ ಸುರಿಮಳೆಯಲ್ಲಿ ನೆನೆಯುತ್ತ ಅವರು ಆಡಿದ ಮಾತನ್ನು ಜನ ನಿಂತು ಕೇಳಿದರು. ಹದಿನೈದು ವರ್ಷಗಳಲ್ಲಿ ಅವರ ನಾಲಿಗೆ ಎಷ್ಟು ಪಳಗಿತ್ತೋ ಮರಾಠಿ ಕಿವಿಗಳೂ ಅಷ್ಟೇ ಪಳಗಿದ್ದವು.

ಸದ್ದಲೇ!

ಕೇಳುವವರು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಗಟ್ಟಲೆ ಜನ ಡೆಂಕನಮರಡಿಯಲ್ಲಿ ನೆರೆಯುತ್ತಾರೆ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾರೆ. ಅಷ್ಟು ಜನ, ಅಷ್ಟು ಡೋಲು, ಅಷ್ಟು ಕೂಸುಗಳು, ಎಲ್ಲ ಒಮ್ಮೆಲೇ ಗಪ್. ಆಮೇಲೆ ಒಂದೇ ಒಂದು ವಾಕ್ಯದ ಭವಿಷ್ಯವಾಣಿ. ಎರಡನೆಯ ಸಲ ಹೇಳುವ ಮಾತಿಲ್ಲ, ನುಡಿದವರು ಹಿಂದಕ್ಕೆ ಬಿದ್ದುಬಿಡುತ್ತಾರೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಸರಿಯಾಗಿ ಕೇಳಿಸಿದ್ದು ಎಷ್ಟು ಜನಕ್ಕೋ. ಮಳೆಯ ಮಾತೋ, ರಾಜಕೀಯದ ಮಾತೋ ಎಂದು ಮುಂದಿನ ಜಾತ್ರೆಯವರೆಗೂ ಅದನ್ನು ಬಿಡಿಸುತ್ತ ಕೂರುತ್ತಾರೆ. ‘ಏನಂದ್ರೋ ತಿಳೀಲಿಲ್ಲ, ಬಿಡು’ ಎಂದು ಎದ್ದುಹೋಗುವವರು ಒಬ್ಬರೂ ಇಲ್ಲ.

ಕಾಕಾನ ಪಾಲಿಗೆ ಅಂಥ ಮೌನ ಸಿಗುವುದಿಲ್ಲ. ಅವರಿಗೆ ಸಿಗುವುದು ಸಂತೆ, ಎಪಿಎಂಸಿ, ಬ್ಯಾಂಕಿನ ಗಾಜಿನ ಕಿಂಡಿ, ರೇಷನ್ ಅಂಗಡಿಯ ಸಾಲು. ಚಿಕಿತ್ಸೆಯ ದಾರಿ ಕೂಡ ಊರ ಹೊರಗಿನದೇ: ಬಳ್ಳಾರಿ, ದಾವಣಗೆರೆ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಇಲ್ಲವೇ ರಾತ್ರಿ ಬಸ್ಸು ಹತ್ತಿ 1973ರಿಂದ ನಾಡಿಗೆಲ್ಲ ಬಾಗಿಲು ತೆರೆದಿರುವ ಬೆಂಗಳೂರಿನ ಕಿದ್ವಾಯಿ. ಗಂಟು ತೆಗೆಸಲು ಮಗ, ಅಳಿಯ, ದುಡ್ಡು, ಕಾರ್ಡು ಎಲ್ಲ ಜೋಡಿಸಿಕೊಂಡು ಹೋಗುತ್ತಾರೆ. ಮಾತಿನ ತಾಲೀಮಿಗೆ ಅಷ್ಟು ದೂರ ವಾರಕ್ಕೊಮ್ಮೆ ಹೋಗಿ ಬನ್ನಿ ಎಂದರೆ ‘ಜೀವ ಉಳೀತಲ್ಲ ಬಿಡ್ರಿ’ ಅನ್ನುತ್ತಾರೆ. ಆ ‘ಬಿಡ್ರಿ’ಯಲ್ಲೂ ಡಕಾರ ಇದೆ ಎಂಬುದು ನನ್ನ ಕಿವಿಗೆ ಮಾತ್ರ ತಾಗುವ ಸಂಗತಿ.

ತಾಲೀಮಿನಲ್ಲಿ ಮಂತ್ರ ಮಾಟವೇನಿಲ್ಲ. ನಿಧಾನ ಮಾಡುವುದು. ಬಾಯಿ ಅಗಲ ತೆರೆಯುವುದು. ಉದ್ದ ವಾಕ್ಯವನ್ನು ಎರಡು ಮಾಡುವುದು. ಯಾವ ವಿಷಯ ಎಂದು ಮೊದಲೇ ಹೇಳಿಬಿಡುವುದು, ಆಗ ಮುಂದಿನದನ್ನು ಕಿವಿ ಊಹಿಸಿಕೊಳ್ಳುತ್ತದೆ. ತುದಿಯಿಂದ ಬಾರದ ಅಕ್ಷರವನ್ನು ನಾಲಿಗೆಯ ಅಲಗಿನಿಂದಲೋ ತುಟಿಯಿಂದಲೋ ಹತ್ತಿರ ಹತ್ತಿರ ತರುವುದು. ಇದರ ಬಹುಭಾಗ ಒಮ್ಮೆ ಕಲಿತು ಬಂದರೆ ಮನೆಯಲ್ಲೇ ಸಾಗುತ್ತದೆ, ಎದುರಿಗೆ ಕೂತು ‘ಏನು?’ ಎಂದು ಕೇಳುವ ತಾಳ್ಮೆಯವರು ಒಬ್ಬರು ಬೇಕು. ವಿಡಿಯೋ ಕರೆಯಲ್ಲೂ ನಡೆಯುತ್ತದೆ. ಬರೀ ಫೋನು ಮಾತ್ರ ಬಲು ಕಠಿಣ ಪರೀಕ್ಷೆ. ಅದರಲ್ಲಿ ಮುಖ ಕಾಣುವುದಿಲ್ಲ, ತುಟಿ ಕಾಣುವುದಿಲ್ಲ, ಮೇಲಾಗಿ ಹಳೆಯ ಬಗೆಯ ಕರೆಗಳು ಸುಮಾರು 3,400 ಹರ್ಟ್ಸ್‌ನಿಂದ ಮೇಲಿನ ಧ್ವನಿಯನ್ನು ಕತ್ತರಿಸಿಬಿಡುತ್ತವೆ. ಸಕಾರದ ಸಿಳ್ಳೆಯೆಲ್ಲ ಇರುವುದೇ ಅಲ್ಲಿ. ಐದು ಮೆಟ್ಟಿಲಿನ ಅಳತೆಯಲ್ಲಿ 75 ಗಿಟ್ಟಿಸಿದವರೂ ಫೋನಿನಲ್ಲಿ ಜಾರುತ್ತಾರೆ.

ಕಾಕಾನ ಮಗಳು ಬೆಂಗಳೂರಿನಲ್ಲಿದ್ದಾಳೆ ಎಂದುಕೊಳ್ಳೋಣ, ಪೀಣ್ಯದ ಗಾರ್ಮೆಂಟ್ಸಿನಲ್ಲಿ ಕೆಲಸ. ಭಾನುವಾರ ಸಂಜೆ ಫೋನ್ ಮಾಡುತ್ತಾಳೆ. ಮೊದಮೊದಲು ಅವ್ವನ ಕೈಗೇ ಫೋನು ಹೋಗುತ್ತಿತ್ತು. ಈಚೆಗೆ ಅಪ್ಪನೇ ಎತ್ತುತ್ತಾನೆ.

‘ಊಟ ಆತಾ ಅಪ್ಪಾ?’

ಆಯಿತಂತೆ. ಅದನ್ನು ಯಾರಾದರೂ ಹಿಡಿಯುತ್ತಾರೆ.

‘ಹೊಲ ಹೆಂಗೈತಿ?’

ಆ ಕಡೆ ಒಂದು ಉಸಿರು. ಆಮೇಲೆ ನಿಧಾನವಾಗಿ, ಪದಕ್ಕೊಂದು ತಡೆ ಕೊಟ್ಟು, ‘ಈ ಸಲ... ಉಳ್ಳಾಗಡ್ಡಿಗೆ... ಬೆಲೆ ಇಲ್ಲ.’

ಲ ಆಗಿತ್ತೋ, ಳ ಆಗಿತ್ತೋ. ಮಗಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು.

‘ಯಾವುದು ಅಪ್ಪಾ? ಬೆಲೆನೋ, ಬೆಳೆನೋ?’

‘ಎರಡೂ.’